ಪೊಲ್ಲಿನಿಯ ಹ್ಯಾಂಬರ್ಗಿನಲ್ಲಿ: ಹಾಡು ನಿಲ್ಲಿಸಿದ ಟೆನರ್ ಒಬ್ಬನ ಜಾಡು ಹಿಡಿದು ನಾಲ್ಕು ದಿನ

ಮೊದಲ ದಿನ, ಕಲೋನ್

ನವೆಂಬರ್ ತಿಂಗಳ ಕೊನೆಯ ವಾರ. ಕಲೋನ್ ನಗರದ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೆಥೀಡ್ರಲ್ ನಿಂತಿರುತ್ತದೆ. ಅದರ 157 ಮೀಟರ್ ಎತ್ತರದ ಜೋಡಿ ಗೋಪುರಗಳ ತುದಿ ಆ ಬೆಳಿಗ್ಗೆ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಎಲ್ಲರಂತೆ ನಾನೂ ತಲೆಯೆತ್ತಿ ನೋಡಿದೆನಾದರೂ ನನ್ನ ಮನಸ್ಸಿನಲ್ಲಿದ್ದದ್ದು ಗೋಪುರಗಳಿಲ್ಲದ ಕೆಥೀಡ್ರಲ್. ನಾನು ಹುಡುಕಿಕೊಂಡು ಬಂದ ಮನುಷ್ಯ ಈ ಊರಿನಲ್ಲಿ ಹುಟ್ಟಿದ 1838ರಲ್ಲಿ ಕಟ್ಟಡ ಅರ್ಧಕ್ಕೇ ನಿಂತಿತ್ತು. ಹದಿನಾರನೆಯ ಶತಮಾನದಲ್ಲಿ ಕೈಬಿಟ್ಟ ಕೆಲಸದ ಗುರುತಾಗಿ ದಕ್ಷಿಣದ ಮೊಂಡುಗೋಪುರದ ಮೇಲೆ ಮಧ್ಯಯುಗದ ಮರದ ಕ್ರೇನ್ ಒಂದು ಇನ್ನೂ ಕೂತಿತ್ತು. ಕೆಲಸ ಮತ್ತೆ ಶುರುವಾದದ್ದು 1842ರಲ್ಲಿ, ಮುಗಿದದ್ದು 1880ರಲ್ಲಿ. ಅಷ್ಟು ಹೊತ್ತಿಗೆ ಆತ ಹಾಡುಗಾರನಾಗಿ, ಹಾಡು ಬಿಟ್ಟು, ಜರ್ಮನಿಯ ಬಹು ದೊಡ್ಡ ರಂಗಮಂದಿರಗಳಲ್ಲೊಂದರ ಯಜಮಾನನಾಗಿ ಆರು ವರ್ಷ ಕಳೆದಿತ್ತು.

ಆತನ ಹೆಸರು ಬರ್ನ್‌ಹಾರ್ಡ್ ಪೊಲ್ಲಿನಿ. ಹುಟ್ಟಿದಾಗ ಇಟ್ಟ ಹೆಸರು ಬಾರೂಖ್ ಪೋಲ್. ಸಂಗೀತ ರಚನಕಾರ, ವಾದ್ಯಮೇಳದ ನಿರ್ದೇಶಕ ಗುಸ್ತಾವ್ ಮಾಲರನ ಬದುಕಿನ ಬಗ್ಗೆ ಏನನ್ನೇ ಓದಿದರೂ ಈ ಪೊಲ್ಲಿನಿ ಎದುರಾಗುತ್ತಾನೆ, ಯಾವಾಗಲೂ ಒಂದೇ ವೇಷದಲ್ಲಿ: ಮಾಲರನನ್ನು ಹ್ಯಾಂಬರ್ಗಿನಲ್ಲಿ ಆರು ವರ್ಷ ಎಡೆಬಿಡದೆ ದುಡಿಸಿಕೊಂಡ, ಲೆಕ್ಕಾಚಾರದ, ಕಲ್ಲುಮನಸ್ಸಿನ ಮಾಲೀಕನಾಗಿ. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಆತ ಟೆನರ್ ಗಾಯಕನಾಗಿ ರಂಗ ಹತ್ತಿದ್ದವನೆಂಬ ಒಂದು ಸಾಲು ಎಲ್ಲೋ ಕಣ್ಣಿಗೆ ಬಿದ್ದ ದಿನದಿಂದ ಮಾತ್ರ ಆ ಚಿತ್ರ ನನಗೆ ಸಾಲದಾಯಿತು. ಮಾಲರ್ ಎಂಬ ಮೂವತ್ತರ ತರುಣನಿಗೆ ಮೊದಲ ಕಪೆಲ್‌ಮೈಸ್ಟರ್, ಅಂದರೆ ವಾದ್ಯಮೇಳದ ಮುಖ್ಯ ನಿರ್ದೇಶಕನ ಹುದ್ದೆ ಕೊಟ್ಟವನು ಬರೀ ವ್ಯಾಪಾರಿಯಾಗಿದ್ದನೇ, ಅಥವಾ ಕೇಳಿ ಗುರುತಿಸುವ ಕಿವಿಯಿದ್ದವನೇ? ಈ ಪ್ರಶ್ನೆಯನ್ನು ಕೈಚೀಲದಲ್ಲಿ ಇಟ್ಟುಕೊಂಡಂತೆ ಹೊತ್ತು ನಾನು ಬಂದಿದ್ದೆ.

ಕೆಥೀಡ್ರಲ್ ಬಳಿಯಿಂದ ಪಶ್ಚಿಮಕ್ಕೆ ಹೊರಡುವ ರಸ್ತೆಯ ಹೆಸರು ಕೊಮೊಡಿಯೆನ್‌ಸ್ಟ್ರಾಸೆ, ಅಂದರೆ ನಾಟಕದ ಬೀದಿ. ಹೆಸರು ಉಳಿದಿದೆ, ನಾಟಕಶಾಲೆ ಉಳಿದಿಲ್ಲ. 1829ರಲ್ಲಿ ಇಲ್ಲಿ ಕಟ್ಟಿದ ರಂಗಮಂದಿರ 1859ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದಕ್ಕೆ ಎರಡು ವರ್ಷ ಮೊದಲು, 1857ರಲ್ಲಿ, ಹದಿನೆಂಟು ವರ್ಷದ ಹುಡುಗ ಪೋಲ್ ಇದೇ ಊರಿನಲ್ಲಿ ಮೊದಲ ಬಾರಿ ರಂಗದ ಮೇಲೆ ಬಂದ. ಪಾತ್ರ ಬೆಲ್ಲಿನಿಯ ‘ಇ ಪುರಿತಾನಿ’ ಒಪೆರಾದ ಆರ್ತೂರೋ.

ಒಪೆರಾ ಕೇಳುವವರಿಗೆ ಈ ಒಂದು ಸಂಗತಿ ಸಾಕು, ಉಳಿದವರಿಗಾಗಿ ಸ್ವಲ್ಪ ವಿವರಿಸಬೇಕು. ಟೆನರ್ ಎಂದರೆ ಗಂಡು ಕಂಠದ ಎತ್ತರದ ಸ್ಥಾಯಿ. ಅದರಲ್ಲಿ ‘ಹೈ ಸಿ’ ಎಂಬ ಸ್ವರವೇ ಬಹುತೇಕ ಗಾಯಕರಿಗೆ ಗಡಿಗಲ್ಲು. ಆರ್ತೂರೋ ಪಾತ್ರವನ್ನು ಬೆಲ್ಲಿನಿ ಬರೆದದ್ದು ರೂಬಿನಿ ಎಂಬ ಅಸಾಧಾರಣ ಗಾಯಕನಿಗಾಗಿ, ಮತ್ತು ಕೊನೆಯ ಅಂಕದಲ್ಲಿ ಆ ಗಡಿಗಲ್ಲನ್ನೂ ದಾಟಿ ಮೇಲಿನ ‘ಎಫ್’ ಸ್ವರದವರೆಗೆ ಕಂಠ ಏರಬೇಕೆಂದು ಬರೆದಿದ್ದಾನೆ. ಇಂದಿಗೂ ಹೆಚ್ಚಿನವರು ಆ ಸ್ವರವನ್ನು ಬಿಟ್ಟು ಸ್ವಲ್ಪ ಕೆಳಗಿನದರಲ್ಲೇ ತೃಪ್ತರಾಗುತ್ತಾರೆ. ಹದಿನೆಂಟರ ಹುಡುಗ ಅಂಥ ಪಾತ್ರದಿಂದ ಆರಂಭಿಸಿದ ಎಂಬುದರಲ್ಲಿ ಕಂಠದ ಮೇಲಿನ ಭರವಸೆಯ ಜೊತೆಗೆ ಆ ಕಂಠ ಬಹಳ ಕಾಲ ಉಳಿಯದು ಎಂಬ ಸೂಚನೆಯೂ ಇದೆ ಎಂದು ನನಗೆ ಅನ್ನಿಸುತ್ತದೆ. ಮುಂದೆ ಆತ ಇಟಾಲಿಯನ್ ಒಪೆರಾ ತಂಡಗಳ ಜೊತೆ ಊರೂರು ತಿರುಗಿದ, ಪೋಲ್ ಪೊಲ್ಲಿನಿಯಾದ, ಟೆನರ್ ಕಂಠ ಇಳಿದು ಬ್ಯಾರಿಟೋನ್ ಆಯಿತು. ಕೊನೆಗೆ ಹಾಡುವುದನ್ನೇ ಬಿಟ್ಟು ಹಾಡುವವರನ್ನು ಕಟ್ಟಿಕೊಂಡು ನಡೆಸುವ ಕೆಲಸಕ್ಕೆ ಇಳಿದ. ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೋಗಳಲ್ಲಿ ಇಟಾಲಿಯನ್ ಒಪೆರಾ ನಡೆಸಿದ ಅನುಭವದೊಂದಿಗೇ ಆತ ಜರ್ಮನಿಗೆ ಮರಳಿದ್ದು.

ಮಧ್ಯಾಹ್ನ ಆಫೆನ್‌ಬಾಖ್ ಚೌಕಕ್ಕೆ ನಡೆದು ಹೋದೆ. ಕಲೋನ್ ಒಪೆರಾ ಹೌಸ್, ವಿಲ್ಹೆಲ್ಮ್ ರಿಫಾನ್ ಎಂಬ ವಾಸ್ತುಶಿಲ್ಪಿಯ 1957ರ ಕಟ್ಟಡ, ಇಲ್ಲಿದೆ. ದುರಸ್ತಿಗೆಂದು 2012ರಲ್ಲಿ ಮುಚ್ಚಿದ ಬಾಗಿಲು ತೆರೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಗಿ ಬಂದದ್ದು ಈ ಊರಿನವರ ದೊಡ್ಡ ನೋವು. ಚೌಕದ ಹೆಸರಿಗೆ ಕಾರಣನಾದ ಸಂಗೀತಗಾರ ಜಾಕ್ ಆಫೆನ್‌ಬಾಖ್ ಕೂಡ ಕಲೋನಿನ ಯಹೂದಿ ಮನೆತನದವನೇ, ಇಲ್ಲಿನ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾಮಂದಿರದ, ಗಾಯಕನ ಮಗ. 1424ರಲ್ಲಿ ಈ ಊರು ತನ್ನ ಯಹೂದಿಗಳನ್ನೆಲ್ಲ ಹೊರಗೆ ಹಾಕಿತ್ತು. ಫ್ರೆಂಚರ ಆಳ್ವಿಕೆ ಬಂದ ಮೇಲೆ, 1798ರಲ್ಲಷ್ಟೇ, ಅವರಿಗೆ ಮತ್ತೆ ಇಲ್ಲಿ ನೆಲೆಸಲು ಅವಕಾಶವಾಯಿತು. ಪೊಲ್ಲಿನಿ ಹುಟ್ಟುವಾಗ ಆ ಸಮುದಾಯ ಮರಳಿ ಬಂದು ನಲವತ್ತು ವರ್ಷ. ಆಫೆನ್‌ಬಾಖ್ ಹದಿನಾಲ್ಕನೆಯ ವಯಸ್ಸಿಗೆ ಪ್ಯಾರಿಸ್‌ಗೆ ಹೋದ, ಪೋಲ್ ಇಟಾಲಿಯನ್ ಹೆಸರು ಹೊತ್ತು ಹೊರಟ. ಹುಟ್ಟೂರು ಬಿಟ್ಟು ಹೊರಟ ಈ ಇಬ್ಬರಿಗೂ ಸಂಗೀತವೇ ದಾರಿಬುತ್ತಿಯಾಗಿತ್ತು.

ಎರಡನೆಯ ದಿನ, ಹ್ಯಾಂಬರ್ಗ್

ಕಲೋನಿನಿಂದ ಹ್ಯಾಂಬರ್ಗಿಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಬಯಲು, ಒದ್ದೆ ಹೊಲ, ಗಾಳಿಯಂತ್ರ. ದಾರಿಯ ಬಗ್ಗೆ ಹೇಳಲು ಬೇರೇನೂ ಇಲ್ಲ. ಕೋಣೆಗೆ ಚೀಲ ಎಸೆದು ನೇರ ಡಾಮ್‌ಟೋರ್‌ಸ್ಟ್ರಾಸೆಗೆ ಹೋದೆ.

ಹ್ಯಾಂಬರ್ಗಿನ ಒಪೆರಾ ಇತಿಹಾಸ ಪೊಲ್ಲಿನಿಗಿಂತ ಬಹಳ ಹಳೆಯದು. ಜರ್ಮನ್ ನಾಡಿನಲ್ಲಿ ಅರಸರಿಗಲ್ಲದೆ ಟಿಕೆಟ್ ಕೊಂಡ ಯಾರಿಗೂ ತೆರೆದಿದ್ದ ಮೊದಲ ಒಪೆರಾ ಮಂದಿರ 1678ರಲ್ಲಿ ಇಲ್ಲಿನ ಗೆನ್ಸೆಮಾರ್ಕ್ಟ್ ಚೌಕದ ಪಕ್ಕದಲ್ಲಿ ಬಾಗಿಲು ತೆರೆಯಿತು. ತರುಣ ಹ್ಯಾಂಡೆಲ್‌ನ ಮೊದಲ ಒಪೆರಾ ‘ಅಲ್ಮೀರಾ’ 1705ರಲ್ಲಿ ಅಲ್ಲೇ ರಂಗಕ್ಕೆ ಬಂತು. ಈಗಿನ ಒಪೆರಾ ಇರುವ ಡಾಮ್‌ಟೋರ್‌ಸ್ಟ್ರಾಸೆಯ ಜಾಗದಲ್ಲಿ ಮಂದಿರ ಕಟ್ಟಿದ್ದು 1827ರಲ್ಲಿ. 1870ರ ದಶಕದ ಆರಂಭದಲ್ಲಿ ವಾಸ್ತುಶಿಲ್ಪಿ ಮಾರ್ಟಿನ್ ಹಾಲರ್ ಅದಕ್ಕೆ ಹೊಸ ರೂಪ ಕೊಟ್ಟ. ಆ ಹೊಸ ಮಂದಿರದ ಬೀಗದಕೈ 1874ರಲ್ಲಿ ಪೊಲ್ಲಿನಿಯ ಕೈಗೆ ಬಂತು. ಆಗ ಆತನಿಗೆ ಮೂವತ್ತೈದು ವರ್ಷ.

ಆ ಬೀಗದಕೈಯ ಅರ್ಥವೇನೆಂದು ತಿಳಿಯದೆ ಪೊಲ್ಲಿನಿಯನ್ನು ಅರ್ಥ ಮಾಡಿಕೊಳ್ಳಲಾಗದು. ಬರ್ಲಿನ್, ವಿಯೆನ್ನಾ, ಡ್ರೆಸ್ಡನ್ ನಗರಗಳಲ್ಲಿ ಒಪೆರಾ ಎಂದರೆ ದೊರೆಯ ಆಸ್ಥಾನದ ಒಂದು ಇಲಾಖೆ. ವರ್ಷದ ಕೊನೆಗೆ ಹಣ ಸಾಲದೆ ಹೋದರೆ ಅರಮನೆಯ ಖಜಾನೆ ತುಂಬಿಕೊಡುತ್ತಿತ್ತು. ಹ್ಯಾಂಬರ್ಗ್ ವರ್ತಕರ ನಗರರಾಜ್ಯ, ಅಲ್ಲಿ ದೊರೆಯೇ ಇಲ್ಲ. ಕಟ್ಟಡ ಷೇರುದಾರರ ಒಂದು ಸಂಘದ್ದು; ಅದನ್ನು ಗುತ್ತಿಗೆಗೆ ಪಡೆದ ನಿರ್ದೇಶಕ ಗಾಯಕರ ಸಂಬಳ, ವಾದ್ಯಗಾರರ ಸಂಬಳ, ಪರದೆ, ಉಡುಪು, ದೀಪ ಎಲ್ಲವನ್ನೂ ಟಿಕೆಟ್ ಹಣದಲ್ಲಿ ತೂಗಿಸಬೇಕು. ನಷ್ಟವಾದರೆ ಅದು ಆತನದೇ. ನಮ್ಮ ಕಂಪನಿ ನಾಟಕದ ಮಾಲೀಕರ ಪಾಡು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಗುತ್ತಿಗೆಯಲ್ಲಿ ದಿವಾಳಿಯಾಗಿ ಹೋದವರೇ ಹೆಚ್ಚಿರುವಾಗ, ಪೊಲ್ಲಿನಿ 23 ವರ್ಷ, ಸಾಯುವವರೆಗೆ, ಅದನ್ನು ನಡೆಸಿದ. 1876ರಲ್ಲಿ ಪಕ್ಕದ ಆಲ್ಟೋನಾ ಪಟ್ಟಣದ ರಂಗಮಂದಿರವನ್ನೂ, 1894ರಲ್ಲಿ ಹ್ಯಾಂಬರ್ಗಿನ ಹೆಸರುವಾಸಿ ಥಾಲಿಯಾ ಥಿಯೇಟರನ್ನೂ ತನ್ನ ಕೈಕೆಳಗೆ ತಂದುಕೊಂಡ. ಏಕಸ್ವಾಮ್ಯಕ್ಕೆ ಹೇಳುವ ‘ಮೊನೊಪೊಲಿ’ ಪದವನ್ನು ಆತನ ಹೆಸರಿಗೆ ಬೆಸೆದು ಊರವರು ‘ಮೊನೊಪೊಲ್ಲಿನಿ’ ಎಂದು ಕರೆಯುತ್ತಿದ್ದರು.

ಈಗಿನ ಕಟ್ಟಡದ ಮುಂಭಾಗ ಪೂರಾ ಗಾಜು, ಇದು 1955ರದ್ದು. ಪೊಲ್ಲಿನಿಯ ಕಾಲದ ಸಭಾಂಗಣ ಆಗಸ್ಟ್ 1943ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆ ರಾತ್ರಿ ಸಭಾಂಗಣಕ್ಕೂ ರಂಗಕ್ಕೂ ನಡುವಿನ ಕಬ್ಬಿಣದ ಪರದೆ ಇಳಿದಿದ್ದರಿಂದ ಹಿಂಭಾಗದ ರಂಗಗೋಪುರ, ಅದು 1920ರ ದಶಕದ ಕಟ್ಟೋಣ, ಬದುಕಿಕೊಂಡಿತು. ನಾನು ಕಟ್ಟಡವನ್ನು ಒಂದು ಸುತ್ತು ಹಾಕಿ ಹಿಂದುಗಡೆ ಹೋಗಿ ನಿಂತೆ. ಮುಂದೆ ಬೆಳಕು ಚೆಲ್ಲುವ ಗಾಜು, ಹಿಂದೆ ಕಪ್ಪಿಟ್ಟ ಭಾರದ ಗೋಡೆ. ಪೊಲ್ಲಿನಿ ಕಂಡ ಒಂದು ಇಟ್ಟಿಗೆಯೂ ಇಲ್ಲಿ ಕಣ್ಣಿಗೆ ಬೀಳುವಂತಿಲ್ಲ.

ಮುಂಬಾಗಿಲ ಬಳಿ ಕಾಲುದಾರಿಯಲ್ಲಿ ಅಂಗೈಯಗಲದ ಹಿತ್ತಾಳೆ ಫಲಕಗಳು ನೆಲದ ಮಟ್ಟಕ್ಕೆ ಹುದುಗಿವೆ. ಈ ಮಂದಿರದಲ್ಲಿ ಹಾಡಿ, ನುಡಿಸಿ, ದುಡಿದು, ಯಹೂದಿಗಳಾಗಿದ್ದುದಕ್ಕೆ ನಾಜಿಗಳ ಕೈಯಲ್ಲಿ ಪ್ರಾಣ ಕಳೆದುಕೊಂಡವರ ನೆನಪಿನವು. ಮಳೆಹನಿ ನಿಂತಿದ್ದ ಒಂದು ಫಲಕವನ್ನು ಬಾಗಿ ಕರವಸ್ತ್ರದಿಂದ ಒರೆಸಿ ಓದಿದೆ: ಹೆಸರು, ಹುಟ್ಟಿದ ವರ್ಷ, ಕೊಂದ ಜಾಗ. ಪೊಲ್ಲಿನಿ 1897ರಲ್ಲೇ ತೀರಿಕೊಂಡ. ಆತ ಬೆಳೆಸಿದ ಮನೆಗೆ ಮುಂದೆ ಬಂದದ್ದು ಈ ಗತಿ. ಬಹಳ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

ಆ ಸಂಜೆ ‘ಲಾ ಬೊಹೆಮ್’ ಪ್ರದರ್ಶನಕ್ಕೆ ಮೇಲಿನ ಸಾಲಿನ ಟಿಕೆಟ್ ಸಿಕ್ಕಿತು. ಒಳಗಿನ ಬಾಕ್ಸ್‌ಗಳು ಗೋಡೆಯಿಂದ ಅರ್ಧ ಎಳೆದ ಮೇಜಿನ ಖಾನೆಗಳಂತೆ ಮುಂದಕ್ಕೆ ಚಾಚಿಕೊಂಡಿವೆ. ಮೊದಲ ಅಂಕದಲ್ಲಿ ರೊಡಾಲ್ಫೋ ತನ್ನ ಹಾಡಿನ ‘ಹೈ ಸಿ’ ಸ್ವರದತ್ತ ಏರುತ್ತಿದ್ದಂತೆ ನನ್ನ ಪಕ್ಕದ ವೃದ್ಧೆ ಕುರ್ಚಿಯ ಕೈ ಹಿಡಿದುಕೊಂಡರು. ಸ್ವರ ಬಂತು, ನಿಂತಿತು, ಅವರು ಕೈ ಬಿಟ್ಟರು. ಹಾಡಿದವನ ಗಂಟಲಿನ ಅಪಾಯವನ್ನು ಇಡೀ ಸಭೆ ತನ್ನ ಗಂಟಲಿನಲ್ಲಿ ಅನುಭವಿಸುವ ಆ ಕ್ಷಣವನ್ನು ಪೊಲ್ಲಿನಿ ರಂಗದ ಮೇಲೆ ನಿಂತು ಬಲ್ಲವನಾಗಿದ್ದ. ಟಿಕೆಟ್ ಮಾರುವವನಾದ ಮೇಲೆ ಅದನ್ನು ಮರೆತಿರಲಾರ.

ಮೂರನೆಯ ದಿನ, ಆಲ್ಟೋನಾ ಮತ್ತು ಮಿಖೆಲ್

ಬೆಳಿಗ್ಗೆ ಆಲ್ಟೋನಾಕ್ಕೆ ಹೋದೆ. ಇಂದು ಅದು ಹ್ಯಾಂಬರ್ಗಿನ ಒಂದು ಬಡಾವಣೆ; ಪೊಲ್ಲಿನಿಯ ಕಾಲದಲ್ಲಿ ಪ್ರಷ್ಯಾಕ್ಕೆ ಸೇರಿದ ಬೇರೆಯೇ ಪಟ್ಟಣ. ಹ್ಯಾಂಬರ್ಗಿಗೆ ಅದು ಸೇರಿದ್ದು 1930ರ ದಶಕದಲ್ಲಿ. ಇಲ್ಲಿನ ರಂಗಮಂದಿರವೂ ಯುದ್ಧದಲ್ಲಿ ಹೋಯಿತು. ಒಂದೇ ತಂಡ ಎರಡು ಊರುಗಳಲ್ಲಿ ಆಡಬೇಕಾಗಿದ್ದುದರಿಂದ ಗಾಯಕರಿಗೂ ವಾದ್ಯಗಾರರಿಗೂ ಬಿಡುವೆಂಬುದೇ ಇರಲಿಲ್ಲ. ಪೊಲ್ಲಿನಿಯ ಮೇಲಿನ ದೂರುಗಳಲ್ಲಿ ಇದು ನ್ಯಾಯವಾದ ದೂರು. ಸಂಬಳ ಕೊಟ್ಟ ಮೇಲೆ ಕಂಠವೊಂದು ಸುಮ್ಮನಿರುವುದನ್ನು ಆತ ಸಹಿಸುತ್ತಿರಲಿಲ್ಲ. ತಾನೇ ಕಂಠ ಕಳೆದುಕೊಂಡವನು ಬೇರೆಯವರ ಕಂಠದ ಬಗ್ಗೆ ಇಷ್ಟು ಕಠಿಣನಾದದ್ದು ನನಗೆ ಇಂದಿಗೂ ನೋವಿನ ವಿಷಯ.

1892ರ ಆಗಸ್ಟ್‌ನಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಂತು. ಆ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ನದಿಯ ಇನ್ನೂ ಕೆಳಗಿದ್ದ ಆಲ್ಟೋನಾ, ಹ್ಯಾಂಬರ್ಗಿನ ಕೊಳಚೆ ಸೇರಿದ ಅದೇ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಕೆಲವೇ ವಾರಗಳಲ್ಲಿ ಹ್ಯಾಂಬರ್ಗಿನಲ್ಲಿ 8,600ರಷ್ಟು ಜನ ಸತ್ತರು, ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಗಡಿಯ ಬೀದಿಗಳಲ್ಲಿ ರೋಗ ಒಂದು ಪಕ್ಕದ ಮನೆಗಳಲ್ಲಿ ನಿಂತು ಎದುರು ಪಕ್ಕಕ್ಕೆ ದಾಟಲಿಲ್ಲವೆಂದು ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿದ. ಆ ಗಡಿಯ ಎರಡೂ ಕಡೆ ಪೊಲ್ಲಿನಿಯ ಮಂದಿರಗಳಿದ್ದವು. ಬೇಸಗೆ ರಜೆಗೆ ಹೋಗಿದ್ದ ಮಾಲರ್ ಆ ವರ್ಷ ಹ್ಯಾಂಬರ್ಗಿಗೆ ತಡವಾಗಿ ಬಂದ. ಅದೇ ವರ್ಷದ ಜೂನ್ ತಿಂಗಳಲ್ಲಿ ಇದೇ ತಂಡ ಲಂಡನ್‌ನಲ್ಲಿತ್ತು ಎಂಬುದನ್ನು ನೆನೆದರೆ ಆ ವರ್ಷದ ಏರಿಳಿತ ತಿಳಿಯುತ್ತದೆ: ಲಂಡನ್ನಿನ ಆಗಸ್ಟಸ್ ಹ್ಯಾರಿಸ್ ಕರೆಸಿಕೊಂಡ ಹ್ಯಾಂಬರ್ಗಿನ ಗಾಯಕರು ಕೊವೆಂಟ್ ಗಾರ್ಡನ್‌ನಲ್ಲಿ ಮಾಲರನ ನಿರ್ದೇಶನದಲ್ಲಿ ವಾಗ್ನರನ ‘ರಿಂಗ್’ ಎಂಬ ನಾಲ್ಕು ಒಪೆರಾಗಳ ಸರಣಿಯನ್ನು ಹಾಡಿದ್ದರು.

ಆಲ್ಟೋನಾದ ಪಕ್ಕದ ಓಟೆನ್ಸೆನ್‌ನಲ್ಲಿ ಕ್ರಿಶ್ಚಿಯಾನ್ಸ್ ಚರ್ಚ್ ಇದೆ, ಅದರ ಅಂಗಳದಲ್ಲಿ 1803ರಲ್ಲಿ ತೀರಿಕೊಂಡ ಕವಿ ಕ್ಲೊಪ್‌ಸ್ಟಾಕ್‌ನ ಸಮಾಧಿ. ಎಲೆ ಉದುರಿದ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಪೊಲ್ಲಿನಿಗೂ ಈ ಕವಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಬ್ಯೂಲೋ ಮೂಲಕ.

ಹಾನ್ಸ್ ಫಾನ್ ಬ್ಯೂಲೋ ಆ ಕಾಲದ ಜರ್ಮನಿಯ ಶ್ರೇಷ್ಠ ಸಂಗೀತ ನಿರ್ದೇಶಕ, ಹಾಗೆಯೇ ಬಹಳ ಒರಟು ನಾಲಗೆಯವನು. 1880ರ ದಶಕದಲ್ಲಿ ಆತನನ್ನು ಒಪೆರಾ ನಡೆಸಲು ಹ್ಯಾಂಬರ್ಗಿನ ಮಂದಿರಕ್ಕೆ ಕರೆತಂದವನು ಪೊಲ್ಲಿನಿ. ಬ್ಯೂಲೋ ನಡೆಸಿದ ‘ಕಾರ್ಮೆನ್’ ದೊಡ್ಡ ಸುದ್ದಿಯಾಯಿತು. ಆತ ಹ್ಯಾಂಬರ್ಗಿನಲ್ಲೇ ಮನೆ ಮಾಡಿ, ತನ್ನ ಕಛೇರಿಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮಾಲರನಿಗೆ ಎಲ್ಲರೆದುರು ಗೌರವ ತೋರಿಸುತ್ತಿದ್ದ, ಮಾಲರನ ಸ್ವಂತ ರಚನೆಗಳನ್ನು ಮಾತ್ರ ಕಿವಿ ಮುಚ್ಚಿಕೊಂಡು ಕೇಳಿದ. 1894ರ ಫೆಬ್ರವರಿಯಲ್ಲಿ ಬ್ಯೂಲೋ ಕೈರೋದಲ್ಲಿ ಸತ್ತ. ಮಾರ್ಚ್ 29ರಂದು ಹ್ಯಾಂಬರ್ಗಿನ ಸೇಂಟ್ ಮಿಖಾಯೆಲಿಸ್ ಚರ್ಚಿನಲ್ಲಿ ಅಂತ್ಯವಿಧಿ ನಡೆಯಿತು.

ಊರವರು ‘ಮಿಖೆಲ್’ ಎಂದು ಪ್ರೀತಿಯಿಂದ ಕರೆಯುವ ಆ ಚರ್ಚಿಗೆ ನಾನು ಮಧ್ಯಾಹ್ನ ಹೋದೆ. ಬಿಳಿ, ಬಂಗಾರ, ಬೆಳಕು. ಮೂರು ಕಡೆ ಅಲೆಯಂತೆ ಬಾಗಿದ ಉಪ್ಪರಿಗೆ. ಪೀಠದ ಕೊನೆಯ ಸಾಲಿನಲ್ಲಿ ಕುಳಿತು ಮೇಲೆ ನೋಡಿದೆ. ಆ ದಿನ ಮೇಲಿನಿಂದ ಬಾಲಕರ ಮೇಳ ಕ್ಲೊಪ್‌ಸ್ಟಾಕ್‌ನ ‘ಪುನರುತ್ಥಾನ’ದ ಸ್ತೋತ್ರ ಹಾಡಿತು. ಎರಡನೆಯ ಸಿಂಫನಿಯ ಕೊನೆಯ ಭಾಗ ಏನಾಗಬೇಕೆಂದು ತಿಳಿಯದೆ ವರ್ಷಗಟ್ಟಲೆ ಒದ್ದಾಡುತ್ತಿದ್ದ ಮಾಲರನಿಗೆ ಆ ಹಾಡು ಕೇಳಿದೊಡನೆ ದಾರಿ ತೆರೆಯಿತು. ಕ್ಲೊಪ್‌ಸ್ಟಾಕ್‌ನ ಸಾಲುಗಳಿಗೆ ತನ್ನವೇ ಸಾಲು ಸೇರಿಸಿ ಆತ ಆ ಮಹಾ ಮೇಳಗೀತವನ್ನು ಬರೆದ. ಇಡೀ ಕೃತಿ 1895ರ ಡಿಸೆಂಬರ್ 13ರಂದು ಬರ್ಲಿನ್‌ನಲ್ಲಿ ಮೊದಲು ಕೇಳಿಬಂತು. ಆ ಸಿಂಫನಿ ಮಾಲರನದು, ಅದರಲ್ಲಿ ಬೇರೆ ಯಾರಿಗೂ ಪಾಲಿಲ್ಲ. ಆದರೆ ಬ್ಯೂಲೋ ಈ ಊರಿಗೆ ಬರಲು, ಮಾಲರ್ ಆ ಪೀಠದಲ್ಲಿ ಕೂರಲು ನಡುವೆ ಒಂದು ಕೈ ಕೆಲಸ ಮಾಡಿದೆ; ಆ ಕೈ ಸಂಬಳದ ಪಟ್ಟಿಗೆ ಸಹಿ ಹಾಕುತ್ತಿದ್ದ ಕೈ.

ಸಂಜೆ ಪೀಟರ್‌ಸ್ಟ್ರಾಸೆಯ ಸಂಗೀತಗಾರರ ವಸ್ತುಸಂಗ್ರಹಾಲಯ. ಬ್ರಾಮ್ಸ್, ಮೆಂಡೆಲ್‌ಸೋನ್ ಒಡಹುಟ್ಟಿದವರು, ಮಾಲರ್ ಎಲ್ಲರಿಗೂ ಇಲ್ಲಿ ಕೋಣೆಗಳಿವೆ. ನಾನು ನಡೆದಾಡಿದ ದಾರಿಗಳಲ್ಲಿ ಮಾಲರನ ಹೆಸರಿನ ಚೌಕವನ್ನೂ ಕಂಡೆ. ಪೊಲ್ಲಿನಿಯನ್ನು ಹುಡುಕುವವರು ಇನ್ನೊಬ್ಬರ ಕಥೆಯೊಳಗೇ ಹುಡುಕಬೇಕು.

ನಾಲ್ಕನೆಯ ದಿನ, ಹಾಳೆಗಳು ಮತ್ತು ಓಲ್ಸ್‌ಡಾರ್ಫ್

ವಿಶ್ವವಿದ್ಯಾಲಯದ ಗ್ರಂಥಾಲಯದವರು ಹ್ಯಾಂಬರ್ಗ್ ರಂಗಮಂದಿರದ ಹಳೆಯ ಪ್ರಕಟಣೆ ಹಾಳೆಗಳನ್ನು ಜೋಪಾನ ಮಾಡಿದ್ದಾರೆ. ಬೆಳಗಿನ ಹೊತ್ತನ್ನೆಲ್ಲ ಅವುಗಳ ಚಿತ್ರಗಳನ್ನು ಪರದೆಯ ಮೇಲೆ ಸರಿಸುತ್ತ ಕಳೆದೆ. ದಿನಕ್ಕೊಂದು ಹಾಳೆ, ಮೊನೆಮೊನೆಯಾದ ಹಳೆಯ ಜರ್ಮನ್ ಅಚ್ಚು. ಒಪೆರಾದ ಹೆಸರು, ಪಾತ್ರಗಳ ಎದುರು ಗಾಯಕರ ಹೆಸರು, ಆಸನದ ದರ. ಹಾಳೆಯ ನೆತ್ತಿಯಲ್ಲಿ ಆ ದಿನಗಳ ನಿರ್ದೇಶಕನ ಹೆಸರು. ವಾಗ್ನರ್, ಮರುದಿನ ಇಟಾಲಿಯನ್ ಒಪೆರಾ, ಅದರ ಮರುದಿನ ಮಾತಿನ ನಾಟಕ. ಕೈ ಸೋತರೂ ಹಾಳೆ ಮುಗಿಯುವುದಿಲ್ಲ.

ಅವುಗಳನ್ನು ನೋಡುತ್ತ ಹೋದಂತೆ ನಾನು ಹೊತ್ತು ತಂದ ಪ್ರಶ್ನೆಗೆ ಉತ್ತರ ಮೂಡತೊಡಗಿತು. ವೆರ್ದಿಯ ‘ಒಥೆಲ್ಲೊ’ ಮಿಲಾನ್‌ನಲ್ಲಿ 1887ರಲ್ಲಿ ಬಂತು. ಮರುವರ್ಷದ ಜನವರಿಯಲ್ಲೇ ಜರ್ಮನ್ ಭಾಷೆಯಲ್ಲಿ ಹ್ಯಾಂಬರ್ಗಿನ ರಂಗ ಏರಿತು. ಚೈಕೋವ್‌ಸ್ಕಿಯ ‘ಯೆವ್ಗೆನಿ ಒನೇಗಿನ್’ ಇಲ್ಲಿ 1892ರ ಜನವರಿ 19ರಂದು ನಡೆಯಿತು. ಅದನ್ನು ತಾನೇ ನಿರ್ದೇಶಿಸಲು ಬಂದಿದ್ದ ಚೈಕೋವ್‌ಸ್ಕಿ ಜರ್ಮನ್ ಮಾತಿನ ಹಾಡುಗಾರಿಕೆಗೆ ಹೊಂದಿಕೊಳ್ಳಲಾಗದೆ ಕೋಲನ್ನು ಮಾಲರನಿಗೆ ಒಪ್ಪಿಸಿ ಸಭೆಯಲ್ಲಿ ಕುಳಿತ; ಇಲ್ಲಿನ ಕಪೆಲ್‌ಮೈಸ್ಟರ್ ಸಾಮಾನ್ಯನಲ್ಲ, ಪ್ರತಿಭಾವಂತನೆಂದು ಮನೆಗೆ ಬರೆದ. ಮರುವರ್ಷ ಅದೇ ರಂಗಕ್ಕೆ ಆತನ ‘ಇಯೊಲಾಂತಾ’ ಬಂತು.

ಇನ್ನು ಗಾಯಕರು. ಎರ್ನೆಸ್ಟೀನ್ ಶೂಮಾನ್-ಹೈಂಕ್ ಸಣ್ಣಪುಟ್ಟ ಪಾತ್ರಗಳಲ್ಲಿ ಸವೆಯುತ್ತಿದ್ದ ಬಡ ತಾಯಿ. ಮುಖ್ಯ ಗಾಯಕಿ ಮುನಿಸಿಕೊಂಡು ಹೋದ ದಿನ, ಒಂದು ತಾಲೀಮೂ ಇಲ್ಲದೆ ‘ಕಾರ್ಮೆನ್’ ಹಾಡೆಂದು ಆಕೆಯನ್ನು ರಂಗಕ್ಕೆ ಕಳಿಸಲಾಯಿತು. ಆಕೆ ಹಾಡಿದಳು, ಮುಂದೆ ಜಗತ್ತೇ ಕೊಂಡಾಡಿದ ಕಾಂಟ್ರಾಲ್ಟೋ, ಅಂದರೆ ತಗ್ಗು ಸ್ಥಾಯಿಯ ಗಾಯಕಿ, ಆದಳು. ಅನ್ನಾ ಫಾನ್ ಮಿಲ್ಡೆನ್‌ಬುರ್ಗ್ 1895ರಲ್ಲಿ ಅನುಭವವೇ ಇಲ್ಲದ ಹುಡುಗಿಯಾಗಿ ಬಂದು ನೇರ ವಾಗ್ನರನ ‘ರಿಂಗ್’ನ ನಾಯಕಿ ಬ್ರುನ್‌ಹಿಲ್ಡೆಯ ಪಾತ್ರಕ್ಕೆ ಏರಿದಳು. 1894ರಲ್ಲಿ ಗಾಯಕರಿಗೆ ಪಾಠ ಹೇಳಲು ಸೇರಿದ ಹದಿನೆಂಟರ ಹುಡುಗನೊಬ್ಬ ಮುಂದೆ ಬ್ರೂನೋ ವಾಲ್ಟರ್ ಎಂಬ ಹೆಸರಿನಿಂದ ಪ್ರಸಿದ್ಧನಾದ. ಒಂದೇ ಮನೆಯಲ್ಲಿ ಇಷ್ಟು ಜನ ಅದೃಷ್ಟದಿಂದ ಸೇರುವುದಿಲ್ಲ. ಯಾವ ಕಂಠ ಎಲ್ಲಿಯವರೆಗೆ ಏರಬಲ್ಲದು, ಯಾವ ಕೈ ಇಡೀ ವಾದ್ಯಮೇಳವನ್ನು ಎತ್ತಬಲ್ಲದು ಎಂದು ಒಮ್ಮೆ ಕೇಳಿ ತೂಗುವ ಕಿವಿ ಬೇಕು. ಆತ ರಂಗಸಜ್ಜಿಕೆಗೆ ಹಣ ಬಿಚ್ಚುತ್ತಿರಲಿಲ್ಲ, ನಾಟ್ಯದ ಒಳಗುಟ್ಟಿನಲ್ಲಿ ಆಸಕ್ತಿಯಿರಲಿಲ್ಲ, ಮಾಲರನೊಡನೆ ಜಗಳ ಹುಟ್ಟಿದ್ದೂ ಅಲ್ಲಿಯೇ. ಕಂಠ ಒಂದಿದ್ದರೆ ಒಪೆರಾ ಆಯಿತು ಎಂದು ಆತ ನಂಬಿದ್ದ. ಅದು ಟೆನರ್ ಒಬ್ಬನ ನಂಬಿಕೆ, ಅದರ ಬಲವೂ ಕುರುಡೂ ಎರಡೂ ಅದರಲ್ಲೇ ಇದ್ದವು. ಮಾಲರನ ಪತ್ರಗಳ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಆ ಪತ್ರಗಳಲ್ಲಿ ಪೊಲ್ಲಿನಿ ಮಾತಾಡುವುದಿಲ್ಲ, ಅಷ್ಟೇ.

ಮಧ್ಯಾಹ್ನ ಓಲ್ಸ್‌ಡಾರ್ಫ್ ಸ್ಮಶಾನೋದ್ಯಾನಕ್ಕೆ ಹೋದೆ. 1877ರಲ್ಲಿ ತೆರೆದ ಈ ವನ ಎಷ್ಟು ದೊಡ್ಡದೆಂದರೆ ಒಳಗೆ ಬಸ್ಸು ಓಡುತ್ತದೆ. ಒದ್ದೆ ಎಲೆಗಳ ದಾರಿಯಲ್ಲಿ ಎರಡು ಬಾರಿ ದಾರಿ ತಪ್ಪಿ ಬ್ಯೂಲೋನ ಸಮಾಧಿಗೆ ಬಂದೆ. ಮೂರೂವರೆಗೇ ಬೆಳಕು ಇಳಿಯುತ್ತಿತ್ತು. ಆತನನ್ನು ಇಲ್ಲಿಗೆ ತಂದ 1894ರಲ್ಲಿ ಪೊಲ್ಲಿನಿಯ ಅಧಿಕಾರ ಉತ್ತುಂಗದಲ್ಲಿತ್ತು. ಆ ಮೇಲೆ ಅದು ಮೂರು ವರ್ಷವಷ್ಟೇ. 1897ರ ಏಪ್ರಿಲ್‌ನಲ್ಲಿ ಮಾಲರ್ ಬೀಳ್ಕೊಂಡು ವಿಯೆನ್ನಾಕ್ಕೆ ಹೋದ, ಅಕ್ಟೋಬರ್‌ನಲ್ಲಿ ಅಲ್ಲಿನ ಆಸ್ಥಾನ ಒಪೆರಾದ ನಿರ್ದೇಶಕನಾದ. ಅದೇ ವರ್ಷ ಪೊಲ್ಲಿನಿ ಬಿಯಾಂಕಾ ಬಿಯಾಂಕಿಯನ್ನು ಮದುವೆಯಾದ. ಇಟಾಲಿಯನ್ ಹೆಸರು ತೊಟ್ಟ ಇನ್ನೊಬ್ಬ ಜರ್ಮನ್ ಕಂಠ ಆಕೆ, ಹೈಡೆಲ್‌ಬರ್ಗ್‌ನಲ್ಲಿ ಬೆರ್ತಾ ಶ್ವಾರ್ಜ್ ಆಗಿ ಹುಟ್ಟಿದವಳು. ಯೋಹಾನ್ ಸ್ಟ್ರಾಸ್ ತನ್ನ ‘ವಸಂತದ ದನಿಗಳು’ ವಾಲ್ಟ್ಸನ್ನು 1883ರಲ್ಲಿ ಬರೆದದ್ದು ಆಕೆಯ ಕಂಠಕ್ಕಾಗಿ. ಮದುವೆಯ ವರ್ಷ ಮುಗಿಯುವ ಮೊದಲೇ, ನವೆಂಬರ್ ಕೊನೆಯಲ್ಲಿ, ಪೊಲ್ಲಿನಿ ಹ್ಯಾಂಬರ್ಗಿನಲ್ಲಿ ತೀರಿಕೊಂಡ. ಐವತ್ತೊಂಬತ್ತು ತುಂಬಲು ಕೆಲವೇ ವಾರ ಬಾಕಿಯಿತ್ತು.

ರಾತ್ರಿಯ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಮತ್ತೊಮ್ಮೆ ಡಾಮ್‌ಟೋರ್‌ಸ್ಟ್ರಾಸೆಗೆ ಬಂದೆ. ಒಬ್ಬನನ್ನು ನಾನು ಕೊನೆಗೆಂದು ಉಳಿಸಿಕೊಂಡಿದ್ದೆ. ಹೈನ್ರಿಖ್ ಬಟೆಲ್ ಎಂಬಾತ ಹ್ಯಾಂಬರ್ಗಿನಲ್ಲಿ ಬಾಡಿಗೆ ಸಾರೋಟು ಓಡಿಸುತ್ತಿದ್ದವನು. ಆತನ ಕಂಠವನ್ನು ಕೇಳಿ ಗುರುತಿಸಿ, ಕಲಿಸಿ, ರಂಗಕ್ಕೆ ತಂದವನು ಪೊಲ್ಲಿನಿ. ಅದಾಂನ ‘ಲೊಂಜ್ಯುಮೋದ ಅಂಚೆಗಾಡಿಯವ’ ಒಪೆರಾದಲ್ಲಿ ಸಾರೋಟಿನವನ ಪಾತ್ರಕ್ಕೆ ಒಂದು ಹಾಡಿದೆ. ‘ಹೈ ಸಿ’ ದಾಟಿ ‘ಡಿ’ ಸ್ವರ ಮುಟ್ಟುವ, ನಡುನಡುವೆ ಚಾವಟಿ ಬೀಸುವ ಆ ಹಾಡಿನಿಂದ ಬಟೆಲ್ ನಾಡೆಲ್ಲ ಹೆಸರಾದ. ಗ್ರಾಮಫೋನಿನ ಆರಂಭದ ವರ್ಷಗಳಲ್ಲಿ ಆತನ ದನಿಯನ್ನು ತಟ್ಟೆಗಳಲ್ಲಿ ಹಿಡಿದಿಡಲಾಯಿತು. ಹೀಗಾಗಿ ಪೊಲ್ಲಿನಿಯ ಕಿವಿ ಆರಿಸಿದ್ದೇನೆಂದು ನಾವೂ ಕೇಳಬಹುದು.

ಒಪೆರಾ ಬಾಗಿಲೆದುರು ಪ್ರದರ್ಶನ ಬಿಡುವ ಹೊತ್ತಿಗೆಂದು ಟ್ಯಾಕ್ಸಿಗಳು ಸಾಲುಗಟ್ಟಿದ್ದವು. ಬಾಗಿಲ ಛಾವಣಿಯ ಅಂಚಿನ ಕೆಳಗೆ ನಿಂತು ಮೊಬೈಲಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡೆ. ಮೊದಲು ಸೂಜಿ ಗೀಚುವ ಸದ್ದು, ಆಮೇಲೆ ದೂರದ ತೆಳು ಪಿಯಾನೋ, ಆಮೇಲೆ ಆತ. ತುಂಬ ಸಂಸ್ಕಾರಗೊಂಡ ದನಿಯಲ್ಲ; ತೆರೆದ, ಬಯಲಿನ, ಗಾಳಿಗೆ ಎದುರು ಕೂಗಿ ಅಭ್ಯಾಸವಿದ್ದ ದನಿ. ಮೇಲಿನ ಸ್ವರಕ್ಕೆ ಆತ ಹತ್ತುವುದೇ ಇಲ್ಲ, ಮೊದಲೇ ಅಲ್ಲಿದ್ದವನಂತೆ ಅಲ್ಲಿ ಕಾಣಿಸಿಕೊಳ್ಳುತ್ತಾನೆ. ಸಾಲಿನ ಮೊದಲ ಟ್ಯಾಕ್ಸಿಯವರು ಗಾಜು ಇಳಿಸಿ ಎಲ್ಲಿಗೆ ಎಂದು ಕೇಳಿದರು. ಇನ್ನೊಂದು ಸಲ ಕೇಳಿ ಮುಗಿಸಿ ಬರುತ್ತೇನೆ ಎಂದೆ. ಅವರು ಕಾದರು.